ಯುಡಿಡಿಐ ಈಗ್ಲೂ ಯಾರಾದ್ರೂ ಬಳಸ್ತಾರಾ?

ಬೈಟುಕಾಫಿ: ನಮ್ ಸಿಲಬಸ್‌ನಲ್ಲಿ ಯುಡಿಡಿಐ (ವೆಬ್ ಸರ್ವಿಸ್‌ಗಳನ್ನ ಪಟ್ಟಿ ಮಾಡಿಡೋ ರಿಜಿಸ್ಟ್ರಿ) ಇದೆ. ಸರ್ವಿಸ್ ಬರೆದು, ಅದರ ಡಬ್ಲ್ಯೂಎಸ್‌ಡಿಎಲ್ (ಸರ್ವಿಸ್‌ನ ಹೇಗೆ ಕರೀಬೇಕು ಅಂತ ಹೇಳೋ ಫೈಲ್) ಜೊತೆ ರಿಜಿಸ್ಟ್ರಿಗೆ ಪಬ್ಲಿಷ್ ಮಾಡಿದ್ರೆ ಬೇರೆಯವ್ರು ಹುಡುಕಿ ಬಳಸ್ತಾರಂತೆ. ಸರಿ, ಆ ರಿಜಿಸ್ಟ್ರಿ ಎಲ್ಲಿದೆ? ಎಷ್ಟ್ ಹುಡುಕಿದ್ರೂ ಸಿಗ್ತಿಲ್ಲ.

ಹಳೇಸರ್ವರ್: ಸಿಗಲ್ಲ ಬಿಡಿ. 2000ದಲ್ಲಿ ಐಬಿಎಂ, ಮೈಕ್ರೋಸಾಫ್ಟ್, ಅರಿಬಾ ಸೇರಿ ಶುರು ಮಾಡಿದ್ದು, ಪಬ್ಲಿಕ್ ರಿಜಿಸ್ಟ್ರಿನ 2006ರಲ್ಲೇ ಮುಚ್ಚಿದ್ರು. ಐಡಿಯಾ ಏನಂದ್ರೆ ವೈಟ್ ಪೇಜಲ್ಲಿ ಕಂಪನಿ ವಿಳಾಸ, ಯೆಲ್ಲೋದಲ್ಲಿ ಯಾವ ವ್ಯಾಪಾರ ಅನ್ನೋದು, ಗ್ರೀನಲ್ಲಿ ಸರ್ವಿಸ್ ಕರೆಯೋ ಟೆಕ್ನಿಕಲ್ ವಿವರ, ಇದನ್ನೆಲ್ಲ ಪ್ರೋಗ್ರಾಮೇ ಓದ್ಕೊಂಡು ತಾನೇ ಸರ್ವಿಸ್ ಆರಿಸ್ಕೊಳತ್ತೆ ಅಂತ. ಗುರುತು ಪರಿಚಯ ಇಲ್ಲದ ಕಂಪನಿ ಸರ್ವಿಸ್‌ನ, ದುಡ್ಡು ಒಪ್ಪಂದ ಏನೂ ಮಾತಾಡ್ದೆ ಯಾರ್ರೀ ನಂಬ್ತಾರೆ?

ಲಾಗ್‌ನೋಡು: ರಿಜಿಸ್ಟ್ರಿ ಸತ್ತಿಲ್ಲ ಗುರು, ಕಂಪನಿ ಒಳಗಡೆ ಸೇರ್ಕೊಂಡಿದೆ ಅಷ್ಟೆ. ಯುರೇಕಾ, ಕಾನ್ಸುಲ್ ಅಂತ ಸರ್ವಿಸ್ ಹುಡುಕಿಕೊಡೋ ಟೂಲ್‌ಗಳನ್ನ ನೋಡು. ಸರ್ವಿಸ್ ಸ್ಟಾರ್ಟ್ ಆದಾಗ ತನ್ನ ಅಡ್ರೆಸ್ ತಾನೇ ರಿಜಿಸ್ಟರ್ ಮಾಡ್ಕೊಳತ್ತೆ, ಯುರೇಕಾದಲ್ಲಿ ಡೀಫಾಲ್ಟಾಗಿ 30 ಸೆಕೆಂಡಿಗೊಮ್ಮೆ ‘ಇನ್ನೂ ಇದೀನಿ’ ಅನ್ನೋ ಹಾರ್ಟ್‌ಬೀಟ್ ಕಳಿಸ್ತಿರ್ಬೇಕು, ಕಳ್ಸಿಲ್ಲಾಂದ್ರೆ ಸ್ವಲ್ಪ ಹೊತ್ತಲ್ಲಿ ಲಿಸ್ಟಿಂದ ಔಟ್.

ಬೈಟುಕಾಫಿ: ಎಕ್ಸಾಮ್‌ಗೆ ಆ ಬಣ್ಣದ ಪೇಜ್‌ಗಳೇ ಸಾಕಾ?

ಹಳೇಸರ್ವರ್: ಟಿಮಾಡೆಲ್ (ಸರ್ವಿಸ್ ಯಾವ ಸ್ಪೆಸಿಫಿಕೇಶನ್ ಪಾಲಿಸತ್ತೆ ಅಂತ ಗುರುತಿಸೋ ಯುಡಿಡಿಐ ಎಂಟ್ರಿ) ಒಂದ್ ಸೇರಿಸ್ಕೊಳ್ಳಿ, ಅದನ್ನ ಕೇಳೇ ಕೇಳ್ತಾರೆ.