ಹೋಮ್ ಥಿಯೇಟರ್‌ನಾಗ ಗುಂಯ್ ಅನ್ನೂ ಸದ್ದು: ತಪ್ಪು ಆಂಪ್ಲಿಫೈರ್‌ದೋ, ವೈರಿಂಗ್‌ದೋ?

ಪ್ರಶ್ನೆ (ವಿಜಯಪುರ, ಜಲನಗರ):
ಸರ್, ನಮಸ್ಕಾರ್ರಿ. ನಮ್ಮದು 1994ರಾಗ ಕಟ್ಟಿದ ಮನಿ. ದೀಪಾವಳಿಗೆ ಆಂಪ್ಲಿಫೈರ್, ಐದು ಸ್ಪೀಕರ್, ಒಂದು ಸಬ್‌ವೂಫರ್ ತಂದ್ವಿ. ಹಾಡು ಹಚ್ಚಿದ್ರ ಚಲೋ ಕೇಳ್ತೈತಿ, ನಿಲ್ಲಿಸಿದ ಕೂಡ್ಲೆ ಗುಂಯ್ಯ್ ಅಂತ ಒಂದ ಸಮನ ಸದ್ದು. ಫ್ರಿಜ್ ಚಾಲೂ ಆದಾಗ ಇನ್ನೂ ಜಾಸ್ತಿ. ಅಂಗಡಿಯವ್ರು 9,000 ರೂಪಾಯಿದ ಪವರ್ ಕೇಬಲ್ ಹಾಕ್ರಿ ಅಂತಾರ. ನಮ್ಮ ಮಾವ, ಪ್ಲಗ್‌ನ ದಪ್ಪ ಪಿನ್ ಕಿತ್ತು ಒಗಿ, ಸುಮ್ನಾಗ್ತೈತಿ ಅಂತಾನ. ಇನ್ನೊಂದ್ ಮಾತು, ಕೇಬಲ್ ಟಿವಿ ವೈರ್ ಸೆಟ್‌ಟಾಪ್ ಬಾಕ್ಸಿಗೆ ತಿರುವೂಮುಂದ ಬೆರಳಿಗೆ ಜುಮ್ ಅಂತೈತ್ರಿ. ಏನ್ ಮಾಡ್ಲಿ?

ಉತ್ತರ:
ಎರಡೂ ಬ್ಯಾಡ್ರಿ. ಕಂಬದಿಂದ ನಿಮ್ಮ ಮನಿತನಕ, ಮೀಟರಿನಿಂದ ಸಾಕೆಟ್‌ತನಕ ಸಾದಾ ತಂತೀನ ಬಂದೈತಿ. ಕಡೀ ಒಂದೂವರೆ ಮೀಟರ್‌ಗೆ 9,000 ಸುರಿದ್ರ ಏನ್ ಬದಲಾಗ್ತೈತಿ? ಮಾವನವರ ಉಪಾಯ ಅದಕ್ಕಿಂತ ಕೆಟ್ಟದ್ದು. ಒಂದು ಶ್ರಾವಣದಾಗ ಭಜನಿ ಸೆಟ್ ನೋಡಾಕ ನನ್ನ ಕರದಿದ್ರು. ಗುಂಯ್ ಅಂತೈತಿ ಅಂತ ಯಾರೋ ಆ ದಪ್ಪ ಪಿನ್, ಅಂದ್ರ ಅರ್ಥ್ ಪಿನ್, ತಗದು ಟೇಪ್ ಸುತ್ತಿದ್ರು. ಹಾಡೂ ಅಜ್ಜನ ತುಟಿಗೆ ಮೈಕ್ ತಾಗಿದ ಕೂಡ್ಲೆ ಚುರ್ ಅಂತು, ಮೈಕ್ ಕೈಬಿಟ್ಟು ತಾಳದ ಮ್ಯಾಲೆ ಬಿತ್ತು. ಅಜ್ಜ ಉಳಿದ, ಪುಣ್ಯಾ.

ಮೊದ್ಲು ಒಂದು ಪರೀಕ್ಷಾ ಮಾಡ್ರಿ. ಎಲ್ಲಾ ಪ್ಲಗ್ ತಗೀರಿ. ಆಂಪ್ಲಿಫೈರ್ ಹಿಂದಿನ ವೈರ್ ಎಲ್ಲಾ ಬಿಚ್ಚಿ, ಸ್ಪೀಕರ್ ವೈರ್ ಅಷ್ಟ ಬಿಟ್ಟು ಚಾಲೂ ಮಾಡ್ರಿ. ಆಗೂ ಗುಂಯ್ ಅಂದ್ರ ಆಂಪ್ಲಿಫೈರ್ ಒಳಗ ದೋಷ, ರಿಪೇರಿಗೆ ಕಳಸ್ರಿ. ಸುಮ್ಮನಿದ್ರ ಒಂದೊಂದ ವೈರ್ ಹಚ್ಕೋತ ಬರ್ರಿ, ಪ್ರತಿ ಸಲ ಪ್ಲಗ್ ತಗದ ಹಚ್ರಿ. ಚಾಲೂ ಇದ್ದಾಗ ಎಚ್‌ಡಿಎಂಐ ಚುಚ್ಚಿ ಪೋರ್ಟ್ ಸುಟ್ಟುಕೊಂಡ ಟಿವಿ ಎಷ್ಟೋ ನೋಡೀನಿ. ಯಾವ ವೈರ್ ಹಚ್ಚಿದಾಗ ಸದ್ದು ಬರ್ತೈತೋ ಅದನ್ನ ಇಲ್ಲಿ ಬರೀರಿ.

ಆಮ್ಯಾಲ ವೋಲ್ಟ್ ಅಳಿಯೂ ಮೀಟರ್ ಇದ್ದವ್ರನ್ನ ಕರದು, ಆ ಸಾಕೆಟ್‌ನ ನ್ಯೂಟ್ರಲ್ಲಿಗೂ (ಕರೆಂಟ್ ವಾಪಸ್ ಹೋಗೂ ತಂತಿ) ಅರ್ಥಿಗೂ (ಸೋರಿದ ಕರೆಂಟ್ ಮಣ್ಣಿಗೆ ಇಳಸೂ ತಂತಿ) ನಡುವ ಎಷ್ಟು ವೋಲ್ಟ್ ಐತಿ ನೋಡಸ್ರಿ. ಎರಡ್ಮೂರು ವೋಲ್ಟ್ ಒಳಗಿರ್ಬೇಕು. ಬರೇ ಟೆಸ್ಟರ್ ಹಚ್ಚಿದ್ರ ಇದು ತಿಳಿಯಂಗಿಲ್ಲ.

ಕೇಳಿದವ್ರು:
ನೋಡಿದೆ ಸರ್. ಎಲ್ಲಾ ಬಿಚ್ಚಿದಾಗ ಗಪ್ ಚಿಪ್. ಸೆಟ್‌ಟಾಪ್ ಬಾಕ್ಸಿಗೆ ಕೇಬಲ್ ಟಿವಿ ವೈರ್ ತಿರುವಿದ ಕೂಡ್ಲೆ ಗುಂಯ್. ಅದನ್ನ ಬಿಚ್ಚಿಟ್ಟು ನಮ್ಮ ಓಣಿ ಹುಡುಗನ ಕಡಿಯಿಂದ ನೋಡಿಸಿದ್ರ ನ್ಯೂಟ್ರಲ್-ಅರ್ಥ್ ನಡುವ 58 ವೋಲ್ಟ್. ಎರಿ ಮಣ್ಣು ಬ್ಯಾಸಿಗಿಗೆ ಬಿರುಕು ಬಿಟ್ಟೈತಿ, ಅರ್ಥ್ ತಂತಿ ಇಳಿಯೂ ಗುಂಡಿಗೆ ನೀರು ಹಾಕಿದ್ರ ಸಾಕು ಅಂದ.

ಉತ್ತರ:
58 ಅಂದ್ರ ಗುಂಡಿ ಒಣಗಿದ್ದಲ್ರಿ. ಗುಂಡಿ ಒಣಗಿ ಕೆಟ್ಟಿದ್ರೂ ತಂತಿ ಮಣ್ಣಿಗೆ ಹತ್ತಿದ್ರ ಇಷ್ಟ ಮ್ಯಾಲೆ ಏರೂದು ಕಡಿಮಿ. ನಿಮ್ಮಲ್ಲಿ ಅರ್ಥ್ ತಂತೀನ ಎಲ್ಲೋ ಕಡದೈತಿ. ಯಾಕಂತ ಹೇಳ್ತೀನಿ.

ಟಿವಿ, ಸೆಟ್‌ಟಾಪ್ ಬಾಕ್ಸ್, ಕಂಪ್ಯೂಟರ್, ಇವುಗಳ ಪವರ್ ಸಪ್ಲೈ ಒಳಗ ಸಣ್ಣ ಕೆಪ್ಯಾಸಿಟರ್ ಇರ್ತಾವ. ಅವುಗಳಿಂದ ಸ್ವಲ್ಪ ಸ್ವಲ್ಪ ಕರೆಂಟ್ ಅರ್ಥಿಗೆ ಸೋರ್ತೈತಿ, ಅದು ತಪ್ಪಲ್ಲ. ಫ್ರಿಜ್ಜಿನ ಮೋಟರ್‌ದಿಂದನೂ ಒಂದಿಷ್ಟು. ಎಲ್ಲಾ ಸೇರಿ ಹಸಿರು ಅರ್ಥ್ ತಂತಿ ಹಿಡದು ಗುಂಡಿಗೆ ಇಳೀಬೇಕು. ಆ ದಾರಿ ಕಡದಾಗ ಬ್ಯಾರೆ ದಾರಿ ಹುಡಕ್ತೈತಿ. ನಿಮ್ಮ ಮನ್ಯಾಗ ಸಿಕ್ಕ ದಾರಿ ಕೇಬಲ್ ಟಿವಿ ವೈರಿನ ಹೊರಗಿನ ಜಾಳಿಗಿ. ಅಂದ್ರ ಇಡೀ ಮನಿ ಸೋರಿಕಿ ಆಂಪ್ಲಿಫೈರ್ ಮೈಮ್ಯಾಲೆ, ಹಾಡಿನ ವೈರಿನ ಜಾಳಿಗಿ ಮ್ಯಾಲೆ ಹಾದು, ಸೆಟ್‌ಟಾಪ್ ಬಾಕ್ಸ್ ಮುಖಾಂತರ ಹೊರಗ ಹೊಂಟೈತಿ. ನಮ್ಮ ಕರೆಂಟ್ 50 ಹರ್ಟ್ಸ್, ಆ ಗುಂಯ್ಯನೂ ಅದ. ಫ್ರಿಜ್ ಚಾಲೂ ಆದಾಗ ಜಾಸ್ತಿ ಆಗೂದು ಇದಕ್ಕ. ಬೆರಳಿಗೆ ಜುಮ್ ಅನ್ನೂದೂ ಇದಕ್ಕ, ಆ ಹೊತ್ತಿನ್ಯಾಗ ದಾರಿ ನೀವ ಆಗಿರ್ತೀರಿ.

ಟಿವಿಯಿಂದ ಆಂಪ್ಲಿಫೈರಿಗೆ ತಂತಿ ಬದಲು ಆಪ್ಟಿಕಲ್ ಕೇಬಲ್ ಹಾಕಿದ್ರ ಸದ್ದು ಇವತ್ತ ನಿಲ್ತೈತಿ, ಅದರಾಗ ಹೋಗೂದು ಬೆಳಕು, ಕರೆಂಟ್ ಅಲ್ಲ. ಆದ್ರ ನಾಳೆ ವಾಷಿಂಗ್ ಮಷಿನ್ ಮೈಗೆ ಫೇಸ್ (ಕರೆಂಟ್ ಬರೂ ತಂತಿ) ತಾಗಿದ್ರ ಏನ್ ಮಾಡ್ತೀರಿ? ಹಳೇ ಮನಿಯಾಗ ಅರ್ಥ್ ತಂತಿ ನಳದ ಪೈಪಿಗೆ ಸುತ್ತಿರೂದು ಭಾಳ. ಹೋಗಿ ನೋಡ್ರಿ.

ಇನ್ನೊಬ್ರು (ಬಾಗಲಕೋಟೆ, ನವನಗರ):
ಸರ್, ನಡುವ ಬಾಯಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮದು ಹೊಸಾ ಮನಿ, ಗ್ವಾಡಿ ಕೊರದು ಪೈಪ್ ಹಾಕಾಕತ್ತಾರ. ಟಿವಿ ರೂಮಿಗೆ ಏನೇನ್ ಹೇಳ್ಲಿ? 4 ಸ್ಕ್ವೇರ್ (4 ಚದರ ಮಿಲಿಮೀಟರ್) ತಂತಿ ಹಾಕಿಸ್ಲ್ಯಾ?

ಉತ್ತರ:
ಪೈಪ್ ಮುಚ್ಚೂಕಿಂತ ಮೊದಲ ಕೇಳಿದ್ರಿ, ಶಾಣ್ಯಾರು. 4 ಸ್ಕ್ವೇರ್ ಬೇಕಾಗಿಲ್ಲ. ಡಿಬಿಯಿಂದ (ಮನಿ ಲೈನ್ ಎಲ್ಲಾ ಹೊಂಡೂ ಪೆಟಗಿ) ಟಿವಿ ಗ್ವಾಡಿಗೆ ಒಂದ ಪ್ರತ್ಯೇಕ ಲೈನ್, 2.5 ಸ್ಕ್ವೇರ್ ತಾಮ್ರ, ಅದಕ್ಕ ತನ್ನದ ಎಂಸಿಬಿ (ಕರೆಂಟ್ ಹೆಚ್ಚಾದ್ರ ತಾನ ಬಂದ್ ಆಗೂ ಸ್ವಿಚ್), ತನ್ನದ ಹಸಿರು ತಂತಿ. ತಂತಿ ದಪ್ಪಕ್ಕಿಂತ ಪ್ರತ್ಯೇಕ ಇರೂದು ಮುಖ್ಯ. ಲೆಕ್ಕಾ ನೋಡ್ರಿ: 1.5 ಸ್ಕ್ವೇರ್ ತಾಮ್ರ ಕಿಲೋಮೀಟರಿಗೆ ಸುಮಾರು 12 ಓಮ್. 20 ಮೀಟರ್ ದೂರ, ಹೋಗಿ ಬರೂದು 40 ಮೀಟರ್, ಅರ್ಧ ಓಮ್ ಆತು. ಅದ ಲೈನಿಗೆ ನೀರಿನ ಮೋಟರ್ ಹಚ್ಚಿದ್ರಿ ಅಂದ್ರ, ಚಾಲೂ ಆಗೂ ಕ್ಷಣಕ್ಕ 30 ಆಂಪ್ ಎಳೀತು ಅನ್ಕೋರಿ, 15 ವೋಲ್ಟ್ ಅಲ್ಲೇ ಕುಸೀತೈತಿ. ಲೈಟ್ ಮಿಣುಕ್ ಅಂತಾವಲ್ಲ, ಅದು. ಆಂಪ್ಲಿಫೈರ್ ಒಂದ ಎಳಿಯೂದು ಮೂರ್ನಾಲ್ಕು ಆಂಪ್ ಒಳಗ, ಅದಕ್ಕ 2.5 ಧಾರಾಳ.

ಟಿವಿ, ಆಂಪ್ಲಿಫೈರ್, ಸೆಟ್‌ಟಾಪ್ ಬಾಕ್ಸ್, ಸಬ್‌ವೂಫರ್ ನಾಕೂ ಆ ಲೈನಿನ ಮ್ಯಾಲೇ ಇರ್ಲಿ. ಸಬ್‌ವೂಫರ್ ಮೂಲ್ಯಾಗ ಇಡ್ತೀರಿ ಅಂದ್ರ ಅದ ಲೈನಿನಿಂದ ಅಲ್ಲಿಗೊಂದು ಸಾಕೆಟ್ ಎಳಸ್ರಿ. ಸ್ಪೀಕರ್ ವೈರಿಗೆ ಬ್ಯಾರೆ ಪೈಪ್, ಕರೆಂಟ್ ಪೈಪಿನಿಂದ ಒಂದು ಫೂಟ್ ದೂರ. ದಾಟಬೇಕಾದಲ್ಲಿ ಅಡ್ಡ ದಾಟಸ್ರಿ, ಜೋಡಿ ಜೋಡಿ ಓಡಸಬ್ಯಾಡ್ರಿ. ಪ್ರೊಜೆಕ್ಟರ್ ವಿಚಾರ ಇದ್ರ ಅದರ ಎಚ್‌ಡಿಎಂಐಗೆ 40 ಎಂಎಂ ಪೈಪ್ ಹಾಕಸ್ರಿ, ಸಣ್ಣ ಪೈಪಿನ ತಿರುವಿನ್ಯಾಗ ಅದರ ತಲಿ ಸಿಕ್ಕಿ ನಿಲ್ತೈತಿ. ಒಳಗ ಒಂದು ಎಳೆಯೂ ತಂತಿ ಬಿಟ್ಟಿಡ್ರಿ. 4ಕೆ ಚಿತ್ರ ಹತ್ತು ಮೀಟರ್ ಮ್ಯಾಲೆ ಸಾದಾ ಎಚ್‌ಡಿಎಂಐದಾಗ ಮಿಣುಕ್ತೈತಿ, ಫೈಬರ್‌ದು ಬೇಕಾಗ್ತೈತಿ.

ಉಳಿದ ರೊಕ್ಕದಾಗ ದಪ್ಪ ಪಡದಿ, ನವಲಗುಂದದ ಒಂದು ಜಮಖಾನಿ ತರ್ರಿ. ಬರೇ ಟೈಲ್ಸ್ ಹಾಕಿದ ಹಾಲಿನ್ಯಾಗ ಮಾತು ಗೋಲಗುಮ್ಮಟದಾಗ ಕೂಗಿದಂಗ ಕೇಳ್ತಾವ, ಅದಕ್ಕ ವೈರಿಂಗ್ ಔಷಧ ಅಲ್ಲ.

ಮತ್ತೊಬ್ರು:
ಇನ್‌ವರ್ಟರ್ ಮ್ಯಾಲೆ ನಡದಾಗ ಅಷ್ಟ ಸದ್ದು ಬರ್ತೈತ್ರಿ ನಮ್ಮಲ್ಲಿ.

ಉತ್ತರ:
ಸ್ಕ್ವೇರ್ ವೇವ್ (ಕರೆಂಟಿನ ಅಲೆ ಚೌಕಾಕಾರ ಬರೂ) ಇನ್‌ವರ್ಟರ್ ಇರ್ಬೇಕು. ಸೈನ್ ವೇವ್ (ಲೈನ್ ಕರೆಂಟಿನಂಗ ನುಣ್ಣನ ಅಲೆ) ತೊಗೋರಿ, ಇಲ್ಲಾಂದ್ರ ಆಂಪ್ಲಿಫೈರ್ ಆ ಲೈನಿನಿಂದ ತಗೀರಿ.

ಕೇಳಿದವ್ರು (ಜಲನಗರ):
ಸರ್, ಸಿಕ್ತು. ಬಚ್ಚಲದ ಹಿಂದ ನಳದ ಪೈಪಿಗೆ ಹಸಿರು ತಂತಿ ಕ್ಲಾಂಪ್ ಮಾಡಿದ್ರು. ಹೋದ ವರ್ಷ ಬಚ್ಚಲಾ ರಿಪೇರಿ ಮಾಡಿಸಿದಾಗ ಕೆಳಗಿನ ಕಬ್ಬಿಣದ ಪೈಪ್ ತಗದು ಪ್ಲಾಸ್ಟಿಕ್ ಹಾಕ್ಯಾರ. ಮ್ಯಾಲಿನ ಮೂರು ಫೂಟ್ ಕಬ್ಬಿಣ ಅಷ್ಟ ಗ್ವಾಡ್ಯಾಗ ಜೋತಾಡ್ತೈತಿ, ತಂತಿ ಅದಕ್ಕ ಭದ್ರ ಸುತ್ಯಾರ!

ಉತ್ತರ:
ವರ್ಷಾತು ನಿಮ್ಮ ಮನಿಗೆ ಅರ್ಥ್ ಇಲ್ಲ ಅಂದಂಗ. ಆ ನಳಾನೂ ಜುಮ್ ಅನ್ನಬಹುದು, ಇವತ್ತ ಆ ಕ್ಲಾಂಪ್ ಬಿಚ್ಚಸ್ರಿ, ಮೇನ್ ಬಂದ್ ಮಾಡಿ. ಅಂಗಳದಾಗ ಹೊಸಾ ಗುಂಡಿ ತೋಡಸ್ರಿ, ಎಂಟ್ಹತ್ತು ಫೂಟ್ ಪೈಪ್, ಸುತ್ತ ಇದ್ದಲಿ, ಉಪ್ಪು. ಗರಸು ಸಿಕ್ರ ತೋಡೂದು ಸಲೀಸು, ಕರಿಕಲ್ಲು ಸಿಕ್ರ ಜಾಗಾ ಬದಲಸ್ರಿ. ಅಳತಿ ಮಾಡಿಸಿ 5 ಓಮ್ ಒಳಗ ಬರೂತನಕ ರೊಕ್ಕಾ ಪೂರಾ ಕೊಡಬ್ಯಾಡ್ರಿ. ಡಿಬಿಯೊಳಗ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಕೂಡ್ಲೆ ಬಂದ್ ಮಾಡೂ ಸ್ವಿಚ್) ಇಲ್ಲಾಂದ್ರ ಕೂಡೇ ಹಾಕಸ್ರಿ. ಅಲ್ಲೀತನಕ ವಾಷಿಂಗ್ ಮಷಿನ್, ಗೀಸರ್ ಪ್ಲಗ್ ತಗದಿಡ್ರಿ, ಹಾಡು ಮೊಬೈಲ್‌ನಾಗ ಕೇಳ್ರಿ.