ಮೈಎಸ್‌ಕ್ಯೂಎಲ್ ಬಿನ್‌ಲಾಗ್‌ನಿಂದ ಹಳೆಯ ಅಡಿಕೆ ದರ ತೆಗೆಯುವುದು ಹೇಗೆ?

ಶಿರಸಿ_ಲೆಕ್ಕ:
ವಖಾರಿಯ ಅಡಿಕೆ ದರಪಟ್ಟಿ ಮೈಎಸ್‌ಕ್ಯೂಎಲ್ 8.0 ಡೇಟಾಬೇಸ್‌ನಲ್ಲಿದೆ. ನಿನ್ನೆ ಮಧ್ಯಾಹ್ನ 3ರಿಂದ 3:30ರ ನಡುವೆ ‘ವೇರ್’ (ಯಾವ ಸಾಲು ಎಂಬ ಷರತ್ತು) ಇಲ್ಲದ ‘ಅಪ್‌ಡೇಟ್’ ಆದೇಶ ಒಂದು ಓಡಿ, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಲ್ಲಕ್ಕೂ ಒಂದೇ ದರ ಕೂತಿದೆ. ಬ್ಯಾಕಪ್ ವಾರದ ಹಿಂದಿನದು. ಬದಲಾವಣೆಗಳೆಲ್ಲ ದಾಖಲಾಗುವ ಬಿನ್‌ಲಾಗ್ ಫೈಲನ್ನು ಓದಲು ಸರ್ವರ್‌ನಲ್ಲೇ ಮೈಎಸ್‌ಕ್ಯೂಎಲ್‌ಬಿನ್‌ಲಾಗ್ ಟೂಲ್ ಓಡಿಸಿದೆ. ಬರೀ ಅರ್ಥವಾಗದ ಅಕ್ಷರಗಳ ರಾಶಿ. ಸಮಯ ಕೊಟ್ಟರೆ ಅದೂ ಇಲ್ಲ, ಖಾಲಿ. ಸರ್ವರ್ ಗಡಿಯಾರ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದೆ).

ಕಾಳಿ_ತೀರ:
ಎಲ್ಲಕ್ಕಿಂತ ಮೊದಲು ಆ ಬಿನ್‌ಲಾಗ್ ಫೈಲಿನ ನಕಲು ಬೇರೆ ಕಡೆ ಇಡಿ. ಮೂಲ ಸೆಟ್ಟಿಂಗ್‌ನಲ್ಲಿ ಬಿನ್‌ಲಾಗ್ 30 ದಿನಕ್ಕೆ ಅಳಿಯುತ್ತದೆ, ಯಾರಾದರೂ ಅದನ್ನು ಕಡಿಮೆ ಮಾಡಿಟ್ಟಿದ್ದರೆ ಇನ್ನೂ ಬೇಗ.

ಖಾಲಿ ಬರಲು ಕಾರಣ ಸಮಯವೇ. ಈ ಟೂಲ್ ತಾನು ಓಡುತ್ತಿರುವ ಯಂತ್ರದ ಟೈಮ್‌ಝೋನ್ ಹಿಡಿಯುತ್ತದೆ. ನಮ್ಮ 15:00 ಅಂದರೆ ಅಲ್ಲಿ 09:30. ಹಾಗಾಗಿ ‘ಸ್ಟಾರ್ಟ್-ಡೇಟ್‌ಟೈಮ್’ 09:30:00, ‘ಸ್ಟಾಪ್-ಡೇಟ್‌ಟೈಮ್’ 10:00:00 ಕೊಡಿ.

ಅಕ್ಷರಗಳ ರಾಶಿ ಬೇಸ್64, ಅಂದರೆ ಬೈನರಿ ಮಾಹಿತಿಯನ್ನು ಅಕ್ಷರಗಳಲ್ಲಿ ಬರೆದದ್ದು. ರೋ ಫಾರ್ಮ್ಯಾಟ್‌ನ (ಆದೇಶದ ಬದಲು ಬದಲಾದ ಸಾಲುಗಳನ್ನೇ ಬರೆದಿಡುವ) ಲಾಗ್ ಹಾಗೇ ಕಾಣುವುದು. ‘ಬೇಸ್64-ಔಟ್‌ಪುಟ್’ ಆಯ್ಕೆಗೆ ‘ಡಿಕೋಡ್-ರೋಸ್’ ಕೊಟ್ಟು, ಜೊತೆಗೆ ‘ವರ್ಬೋಸ್’ ಹಾಕಲೇಬೇಕು. ಎರಡನೆಯದು ಬಿಟ್ಟರೆ ಬೇಸ್64 ಮರೆಯಾಗುತ್ತದೆ, ಸಾಲುಗಳೂ ಕಾಣುವುದಿಲ್ಲ. ‘ಅನ್‌ನೋನ್ ವೇರಿಯಬಲ್’ ಎಂದು ತಕರಾರು ಬಂದರೆ ‘ನೋ-ಡಿಫಾಲ್ಟ್ಸ್’ ಆಯ್ಕೆಯನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ.

ಶಿರಸಿ_ಲೆಕ್ಕ:
ಬಂತು! ಆದರೆ ಕಾಲಂ ಹೆಸರಿಲ್ಲ, @1, @2, @3 ಅಂತಿದೆ. @6ರಲ್ಲಿ ದಿನಾಂಕದ ಬದಲು ಹತ್ತಂಕಿಯ ಸಂಖ್ಯೆ.

ಅಘನಾಶಿನಿ:
ಅಂಕಿಗಳು ಟೇಬಲ್‌ನ ಕಾಲಂ ಕ್ರಮ. ‘ಡಿಸ್ಕ್ರೈಬ್’ ಮಾಡಿ ಹೋಲಿಸಿ. ಟೈಮ್‌ಸ್ಟ್ಯಾಂಪ್ ಕಾಲಂ 1970ರಿಂದ ಎಣಿಸಿದ ಸೆಕೆಂಡುಗಳಲ್ಲಿ ಬರುತ್ತದೆ: ಉದಾಹರಣೆಗೆ 1700000000 ಅಂದರೆ ನಮ್ಮ ಲೆಕ್ಕದಲ್ಲಿ 2023ರ ನವೆಂಬರ್ 15, ಬೆಳಗಿನ ಜಾವ 3:43:20.

ನಿಮಗೆ ಬೇಕಾದ್ದು ‘ವೇರ್’ ಭಾಗ. ಅಲ್ಲಿರುವುದು ಹಳೆಯ ಸಾಲು, ‘ಸೆಟ್’ ಕೆಳಗಿರುವುದು ಹೊಸದು. ‘ಬಿನ್‌ಲಾಗ್_ರೋ_ಇಮೇಜ್’ ಸೆಟ್ಟಿಂಗ್ ಮೂಲದಂತೆ ‘ಫುಲ್’ ಇದ್ದರೆ ಹಳೆಯ ದರ ಅಲ್ಲೇ ಪೂರ್ತಿ ಸಿಗುತ್ತದೆ. ಈ ಡಿಕೋಡ್ ಆದ ಪಠ್ಯವನ್ನು ಮಾತ್ರ ಮೈಎಸ್‌ಕ್ಯೂಎಲ್‌ಗೆ ತಿರುಗಿ ಉಣಿಸಬೇಡಿ. ಆ ಸಾಲುಗಳೆಲ್ಲ ಬರೀ ಕಾಮೆಂಟ್, ಏನೂ ಬದಲಾಗುವುದಿಲ್ಲ. ಡಿಕೋಡ್ ಮಾಡದ ಲಾಗ್ ಉಣಿಸಿದರೆ ಅದೇ ತಪ್ಪು ಅಪ್‌ಡೇಟ್ ಮತ್ತೆ ಓಡುತ್ತದೆ.

ಪ್ರತಿ ‘ವೇರ್’ನಿಂದ ಐಡಿ ಮತ್ತು ದರ, ಅದರ ‘ಸೆಟ್’ನಿಂದ ತಪ್ಪು ದರ, ಹೀಗೆ ಮೂರು ಕಾಲಂ ಸಿಎಸ್‌ವಿ ಮಾಡಿ ಬೇರೆ ಟೇಬಲ್‌ಗೆ ಹಾಕಿ. ಐಡಿ ಮೇಲೆ ಎರಡೂ ಟೇಬಲ್ ಜಾಯಿನ್ ಮಾಡಿ ಹಳೆಯ ದರ ತುಂಬಿ, ಆದರೆ ಈಗಿನ ದರ ಆ ತಪ್ಪು ದರಕ್ಕೆ ಸಮ ಇರುವ ಸಾಲುಗಳಿಗೆ ಮಾತ್ರ. ಇಲ್ಲವಾದರೆ 3:30ರ ಮೇಲೆ ಯಾರಾದರೂ ಕೈಯಾರೆ ಸರಿಮಾಡಿದ ದರವೂ ಅಳಿಸಿಹೋಗುತ್ತದೆ.

ಕಾಳಿ_ತೀರ:
ಒಂದು ಸೇರಿಸುತ್ತೇನೆ. ಲ್ಯಾಪ್‌ಟಾಪ್‌ಗೆ ತಂದು ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1ರಲ್ಲಿ ಮಾಡುವುದಾದರೆ ಬಾಣದ ಗುರುತಿನಿಂದ (>) ಫೈಲಿಗೆ ಬರೆಸಬೇಡಿ, ಅಕ್ಷರಗಳ ಸಂಕೇತಕ್ರಮ ಯುಟಿಎಫ್-16 ಆಗಿಬಿಡುತ್ತದೆ. ‘ರಿಸಲ್ಟ್-ಫೈಲ್’ ಆಯ್ಕೆ ಬಳಸಿ. ಅಲ್ಲಿ ಗಡಿಯಾರ ಭಾರತದ್ದಿದ್ದರೆ ಸಮಯ ಮತ್ತೆ 15:00.