ರೆನ್ವಾರನ ಸೇತುವೆ: ನಮ್ಮ ಮನೆಯ ಗುಂಪಿನಲ್ಲಿ ಎದ್ದ ತಕರಾರು

ದೊಡ್ಡಪ್ಪ: ಸುಮಾ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಿಂದ ಕಳಿಸಿದ ಫ್ರೆಂಚ್ ಚಿತ್ರಕಾರ ರೆನ್ವಾರ್ ಪ್ಯಾರಿಸ್ಸಿನ ಸೇತುವೆಯೊಂದನ್ನು ಬರೆದ ‘ಪೋಂ ನಫ್’ ಚಿತ್ರವನ್ನು ಬೆಳಗಿನಿಂದ ನೋಡುತ್ತಿದ್ದೇನೆ. ಸೇತುವೆಯ ಮೇಲೆ ಓಡಾಡುವವರಿಗೆ ಮುಖವಿಲ್ಲ, ನೆರಳಿಗೆ ಕಪ್ಪಿಲ್ಲ. ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಹುಡುಗರು ಇಂಥದ್ದನ್ನು ಬರೆದು ತಂದಿದ್ದರೆ, ಮುಗಿಸಿಕೊಂಡು ಬಾ ಎಂದು ವಾಪಸು ಕಳಿಸುತ್ತಿದ್ದೆ.

ಸುಮಾ: ದೊಡ್ಡಪ್ಪ, ನಿಮ್ಮ ಫೋನಿನಲ್ಲಿ ಅಂಗೈಯಗಲವಾಗಿರುವ ಆ ಚಿತ್ರ ನಿಜದಲ್ಲಿ ಮುಕ್ಕಾಲು ಮೀಟರ್ ಎತ್ತರ, ಹತ್ತಿರ ಹತ್ತಿರ ಒಂದು ಮೀಟರ್ ಅಗಲವಿದೆ. ಬಿಸಿಲಿಗೆ ಬಿಳಿಚಿದ ಕಲ್ಲುಹಾಸಿನ ಮೇಲೆ ಬಿದ್ದ ನೆರಳಿಗೆ ಸೂರ್ಯನ ಬೆಳಕು ನೇರವಾಗಿ ತಾಗದಿದ್ದರೂ ಆಕಾಶದ ಬೆಳಕು ತಾಗಿಯೇ ಇರುತ್ತದೆ. ಆದ್ದರಿಂದಲೇ ಅದು ನೀಲಿ. ಮಧ್ಯಾಹ್ನ ಅಂಗಳದಲ್ಲಿ ಒಣಹಾಕಿದ ಬಿಳಿ ಪಂಚೆಯ ಮಡಿಕೆಗಳನ್ನು ಒಮ್ಮೆ ನೋಡಿ.

ಚಿಕ್ಕಪ್ಪ: ನೆರಳಿನ ಮಾತನ್ನು ಒಪ್ಪುತ್ತೇನೆ. ಆದರೆ ‘ಕ್ಷಣವನ್ನು ಹಿಡಿದ ಚಿತ್ರ’ ಎಂದು ಸುಮಾ ಬರೆದ ಒಕ್ಕಣೆ ಸರಿಯಲ್ಲ. 1872ರಲ್ಲಿ ರೆನ್ವಾರ್ ಸೇತುವೆಯ ಬಳಿಯ ಕಾಫಿ ಅಂಗಡಿಯ ಮಹಡಿಯಲ್ಲಿ ಕೂತಿದ್ದರೆ, ಅವನ ತಮ್ಮ ಎಡ್ಮಂಡ್ ಕೆಳಗೆ ನಿಂತು, ಹೋಗಿಬರುವವರನ್ನು ತಡೆದು ಗಂಟೆಯೆಷ್ಟು ಎಂದು ಕೇಳುತ್ತಿದ್ದ. ಅವರು ಉತ್ತರ ಹೇಳಿ ಹೊರಡುವಷ್ಟರಲ್ಲಿ ಅಣ್ಣ ಮೇಲಿನಿಂದ ಅವರನ್ನು ಗೀಚಿಕೊಂಡಿರುತ್ತಿದ್ದ. ಇದನ್ನು ಎಡ್ಮಂಡನೇ ಮುಂದೆ ಹೇಳಿಕೊಂಡಿದ್ದಾನೆ. ಹುಲ್ಲಿನ ಟೋಪಿಯ, ಕೈಕೋಲಿನ ಆ ಪುಣ್ಯಾತ್ಮ ಚಿತ್ರದಲ್ಲಿ ಎರಡು ಕಡೆ ಇದ್ದಾನೆ. ಒಂದೇ ಕ್ಷಣವಾದರೆ ಒಬ್ಬನೇ ಮನುಷ್ಯ ಎರಡು ಕಡೆ ಇರುವುದು ಹೇಗೆ?

ಸುಮಾ: ಚಿಕ್ಕಪ್ಪ, ಎಡ್ಮಂಡ್ ತಡೆದದ್ದು ಜನರನ್ನು, ಬಿಸಿಲನ್ನು ತಡೆಯಲು ಅವನಿಂದಾಗುತ್ತಿರಲಿಲ್ಲ. ಅದೇ ಸೇತುವೆಯನ್ನು ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಮೋನೆಯೂ ಬರೆದಿದ್ದಾನೆ. ಈಗ ಡಲ್ಲಾಸಿನಲ್ಲಿರುವ ಆ ಚಿತ್ರದಲ್ಲಿ ನೆಲ ಒದ್ದೆಯಾಗಿದೆ, ಜನ ಕೊಡೆ ಹಿಡಿದಿದ್ದಾರೆ, ಎಲ್ಲವೂ ಬೂದು. ಸೇತುವೆಯ ಕಲ್ಲು ಎರಡರಲ್ಲೂ ಒಂದೇ ಆದರೂ ಬಣ್ಣ ಬೇರೆಯಾದದ್ದು ಹವೆಯಿಂದ. ನಾನು ಕ್ಷಣ ಎಂದದ್ದು ಆ ಹವೆಗೆ.

ಚಿಕ್ಕಪ್ಪ: ಹಾಗಿದ್ದರೆ ಒಕ್ಕಣೆಯಲ್ಲಿ ‘ಬಿಸಿಲನ್ನು ಹಿಡಿದ ಚಿತ್ರ’ ಎಂದು ತಿದ್ದು, ನನ್ನ ತಕರಾರು ಅಲ್ಲಿಗೆ ತೀರುತ್ತದೆ.

ಅತ್ತೆ: ಜರ್ಮನ್ನರ ಮುತ್ತಿಗೆ, ಅದರ ಬೆನ್ನಿಗೆ ಕಮ್ಯೂನ್ ಎಂಬ ಪ್ಯಾರಿಸ್ಸಿಗರ ದಂಗೆಯ ರಕ್ತಪಾತ ಎರಡೂ ಮುಗಿದು ಒಂದು ವರ್ಷವಷ್ಟೇ ಆಗಿದ್ದ ಊರು ಅದು. ಅಲ್ಲಿ ಜನ ನಿಶ್ಚಿಂತೆಯಿಂದ ನಡೆಯುತ್ತಿದ್ದಾರೆಂಬುದು ಅವರ ನಿಲುವಿನಿಂದಲೇ ತಿಳಿಯುತ್ತದೆ. ಮುಖ ಬೇಕೆಂದು ನನಗನ್ನಿಸಲಿಲ್ಲ.

ದೊಡ್ಡಪ್ಪ: ಪಂಚೆಯ ಮಡಿಕೆ ನೋಡಿ ಬಂದೆ, ನೀಲಿ ಇರುವುದು ನಿಜ. ಮುಖದ ವಿಷಯದಲ್ಲಿ ಮಾತ್ರ ಒಪ್ಪಿಲ್ಲ. ಎಡ್ಮಂಡ್ ಒಂದು ಕಡೆ ಸಿಕ್ಕಿದ್ದಾನೆ, ಇನ್ನೊಂದು ಕಡೆ ಸಿಗುತ್ತಿಲ್ಲ. ಸುಮಾ, ದೊಡ್ಡ ಪ್ರತಿ ಇದ್ದರೆ ಕಳಿಸು.